ಡೆನ್ಮಾರ್ಕ್ ಡಾರ್ವಿನ್ನನನ್ನು ಒಪ್ಪಿತೇ, ತಳ್ಳಿತೇ? ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಸಣ್ಣ ದೇಶವೊಂದರ ಚಿಂತಕರು ವಿಕಾಸವಾದವನ್ನು ಹೇಗೆ ಓದಿಕೊಂಡರು ಎಂಬ ಬಗ್ಗೆ ನಮ್ಮ ವಿಜ್ಞಾನ ಸಂಘದಲ್ಲಿ ಮುಕ್ಕಾಲು ಗಂಟೆ ಮಾತಾಡಬೇಕಿದೆ. ಆಮೇಲೆ ಅದನ್ನೇ ಲೇಖನ ಮಾಡಬೇಕು. 'ಜೀನ್' ಎಂಬ ಪದ ಹುಟ್ಟಿದ ದೇಶವೆಂದು ಡೆನ್ಮಾರ್ಕನ್ನು ಆರಿಸಿಕೊಂಡೆ. ಓದಿದಷ್ಟೂ ಗೊಂದಲ ಹೆಚ್ಚಾಗುತ್ತಿದೆ. ಚರ್ಚ್ ಅಡ್ಡ ನಿಂತಿದ್ದರಿಂದ ಡಾರ್ವಿನ್ನನ ಪುಸ್ತಕ ಡ್ಯಾನಿಷ್‌ಗೆ ಬರಲು 12 ವರ್ಷ ಹಿಡಿಯಿತು ಎಂದು ಒಂದು ಕಡೆ ಇದೆ. ಅಲ್ಲಿ ಯಾವ ಜಗಳವೂ ಆಗಲಿಲ್ಲ, ಎಲ್ಲರೂ ಸುಮ್ಮನೆ ಒಪ್ಪಿದರು ಎಂದು ಇನ್ನೊಂದು ಕಡೆ. ಆ ಪದ ಕೊಟ್ಟ ವಿಜ್ಞಾನಿ ಯೋಹಾನ್ಸೆನ್ ಬೀನ್ಸ್ ಕಾಳು ತೂಗಿ ಡಾರ್ವಿನ್ ತಪ್ಪೆಂದು ತೋರಿಸಿದ ಎಂದು ಮತ್ತೊಂದು ಕಡೆ. ನನಗೆ ಡ್ಯಾನಿಷ್ ಬರುವುದಿಲ್ಲ. ಇವುಗಳಲ್ಲಿ ಯಾವುದನ್ನು ನಂಬಲಿ? 'ಜೀನ್ ಪದ ಕೊಟ್ಟವನೇ ಡಾರ್ವಿನ್ನನನ್ನು ಒಪ್ಪಲಿಲ್ಲವಂತೆ' ಎಂದು ಮಕ್ಕಳು ಹೊರಗೆ ಹೋಗಿ ಹೇಳಿದರೆ ಏನು ಮಾಡಲಿ ಎಂಬ ಅಳುಕೂ ಇದೆ.

ಉತ್ತರ: ನೀವು ಓದಿದ ಮೂರೂ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬುದು ನಿಮ್ಮ ಮೊದಲ ಚಿಂತೆ. ನಿಜ ಹೇಳಹೋಗಿ ಸುಳ್ಳಿಗೆ ದಾರಿ ಮಾಡಿಕೊಟ್ಟಂತಾದೀತೇ ಎಂಬುದು ಎರಡನೆಯದು. ಎರಡಕ್ಕೂ ಬೇರು ಒಂದೇ. 'ಡಾರ್ವಿನ್ನನನ್ನು ಒಪ್ಪುವುದು' ಎಂಬ ಮಾತನ್ನು ನಾವು ಒಂದೇ ಗಂಟಾಗಿ ಹಿಡಿದುಕೊಳ್ಳುತ್ತೇವೆ. ಬಿಚ್ಚಿ ನೋಡಿದರೆ ಅದರೊಳಗೆ ಕನಿಷ್ಠ ನಾಲ್ಕು ಸಂಗತಿಗಳಿವೆ. ಮನುಷ್ಯಕುಲಕ್ಕೆ ಬೈಬಲ್ಲಿನ ಲೆಕ್ಕಕ್ಕಿಂತ ಬಹಳ ಹೆಚ್ಚು ವಯಸ್ಸಾಗಿದೆ ಎಂಬುದು ಒಂದು. ಈಗಿರುವ ಜೀವಿಗಳೆಲ್ಲ ಹಿಂದಿನ ಜೀವಿಗಳಿಂದ ಕವಲೊಡೆದು ಬಂದವು ಎಂಬುದು ಇನ್ನೊಂದು. ಹಾಗೆ ಕವಲೊಡೆಯಲು ಮುಖ್ಯ ಕಾರಣ ನಿಸರ್ಗದ ಆಯ್ಕೆ, ಅಂದರೆ ಪರಿಸರಕ್ಕೆ ಹೊಂದಿಕೆಯಾದವು ಉಳಿದು ಹೆಚ್ಚುವುದು ಎಂಬುದು ಮೂರನೆಯದು. ಇಷ್ಟಾದ ಮೇಲೆ ದೇವರು, ನೀತಿ, ಸಮಾಜದ ಬಗ್ಗೆಯೂ ಹೊಸದಾಗಿ ಯೋಚಿಸಬೇಕು ಎಂಬುದು ನಾಲ್ಕನೆಯದು.

ಡೆನ್ಮಾರ್ಕಿನಲ್ಲಿ ಈ ನಾಲ್ಕಕ್ಕೂ ಬೇರೆ ಬೇರೆ ಗತಿಯಾಯಿತು. ಮೊದಲನೆಯದು ಡಾರ್ವಿನ್ನನಿಗಿಂತ ಮುಂಚೆಯೇ ಅಲ್ಲಿನ ನೆಲದಿಂದಲೇ ಎದ್ದು ಬಂತು. ಎರಡನೆಯದು ಹೆಚ್ಚು ಸದ್ದಿಲ್ಲದೆ ನೆಲೆಯಾಯಿತು. ಮೂರನೆಯದನ್ನು ಅಲ್ಲಿನ ದೊಡ್ಡ ವಿಜ್ಞಾನಿಗಳೇ ದಶಕಗಳ ಕಾಲ ಅನುಮಾನದಿಂದ ನೋಡಿದರು. ನಾಲ್ಕನೆಯದನ್ನು ಸಾಹಿತಿಗಳು ಎತ್ತಿಕೊಂಡರು, ಧರ್ಮದವರ ಜೊತೆ ಜಟಾಪಟಿ ನಡೆದದ್ದು ಅಲ್ಲಿ. ನಿಮ್ಮ ಮೂರು ಹೇಳಿಕೆಗಳೂ ಇದರ ಒಂದೊಂದು ಚೂರನ್ನು ಹಿಡಿದು ಅದೇ ಇಡೀ ಕತೆ ಎನ್ನುತ್ತಿವೆ.

ತಡವಾದ ಅನುವಾದದ ವಿಷಯ ಮೊದಲು ನೋಡೋಣ, ಏಕೆಂದರೆ ಇಲ್ಲಿ ತಪ್ಪು ತಿದ್ದುವುದು ಸುಲಭ. ಪ್ರಭೇದಗಳ ಹುಟ್ಟಿನ ಬಗ್ಗೆ ಡಾರ್ವಿನ್ ಬರೆದ ಪುಸ್ತಕ ಲಂಡನ್ನಿನಲ್ಲಿ ಬಂದದ್ದು 1859ರ ನವೆಂಬರಿನಲ್ಲಿ. ಜರ್ಮನ್ ಮತ್ತು ಡಚ್ ಅನುವಾದಗಳು 1860ರಲ್ಲೇ ಬಂದವು, ಫ್ರೆಂಚ್ 1862ರಲ್ಲಿ, ರಷ್ಯನ್ ಮತ್ತು ಇಟಾಲಿಯನ್ 1864ರಲ್ಲಿ. ಡ್ಯಾನಿಷ್ ಅನುವಾದ ಕಂತುಗಳಲ್ಲಿ ಹೊರಟದ್ದು 1871ರಲ್ಲಿ, ಮುಗಿದದ್ದು 1872ರಲ್ಲಿ. 12 ವರ್ಷದ ಅಂತರ ನಿಜ. ಅದಕ್ಕೆ ಚರ್ಚ್ ಕಾರಣ ಎಂಬುದಕ್ಕೆ ಆಧಾರವಿಲ್ಲ. ಸ್ವೀಡನ್ನಿನಲ್ಲೂ ಅನುವಾದ ಬಂದದ್ದು 1871ರಲ್ಲೇ. ಆಗ ಡೆನ್ಮಾರ್ಕಿನ ಜನಸಂಖ್ಯೆ ಹದಿನೆಂಟು ಲಕ್ಷದ ಆಸುಪಾಸು. ದಪ್ಪ ವಿಜ್ಞಾನ ಗ್ರಂಥ ಓದುವ ವರ್ಗ ಅದರಲ್ಲಿ ಬಹಳ ಸಣ್ಣದು, ಆ ವರ್ಗದವರಿಗೆಲ್ಲ ಜರ್ಮನ್ ಸಲೀಸಾಗಿ ಬರುತ್ತಿತ್ತು. ಸಣ್ಣ ಭಾಷೆಗಳಲ್ಲಿ ಅನುವಾದದ ವರ್ಷವೆಂದರೆ ಪಂಡಿತರಾಚೆಯ ಓದುಗರಿಗೆ ವಿಚಾರ ದಾಟಿದ ವರ್ಷ. ಪಂಡಿತರಿಗೆ ಗೊತ್ತಾದ ವರ್ಷ ಅದಕ್ಕಿಂತ ಎಷ್ಟೋ ಹಿಂದಿನದು. ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಇದನ್ನು ವಿವರಿಸಬೇಕಿಲ್ಲ.

ಪಂಡಿತರಿಗೆ ಎಷ್ಟು ಮುಂಚೆ ಗೊತ್ತಿತ್ತು ಎನ್ನುವುದಕ್ಕೆ ಕೋಪನ್‌ಹೇಗನ್ನಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಯಾಪೆಟುಸ್ ಸ್ಟೇನ್‌ಸ್ಟ್ರುಪ್‌ನನ್ನು ನೋಡಿ. ಡಾರ್ವಿನ್ ಎಂಟು ವರ್ಷ ಬಾರ್ನಕಲ್‌ಗಳ ಮೇಲೆ ಕೆಲಸ ಮಾಡಿದ. ಸಮುದ್ರದ ಬಂಡೆಗೂ ಹಡಗಿನ ತಳಕ್ಕೂ ಕಚ್ಚಿಕೊಂಡು ಬೆಳೆಯುವ, ಸುಣ್ಣದ ಚಿಪ್ಪಿನ ಪ್ರಾಣಿಗಳು ಅವು. ಸಿಗಡಿ, ಏಡಿಗಳ ಬಂಧುಗಳು. ಆ ಕೆಲಸಕ್ಕೆ ಬೇಕಾದ ಮಾದರಿಗಳನ್ನು ಸ್ಟೇನ್‌ಸ್ಟ್ರುಪ್ ಕೋಪನ್‌ಹೇಗನ್ನಿನಿಂದ ಎರವಲು ಕಳಿಸಿದ್ದ. ಕೃತಜ್ಞತೆಗೆ ಡಾರ್ವಿನ್ 1854ರಲ್ಲಿ 77 ಬಾರ್ನಕಲ್‌ಗಳನ್ನು ಉಡುಗೊರೆಯಾಗಿ ಕಳಿಸಿದ. ಅವು ಕೋಪನ್‌ಹೇಗನ್ನಿನ ಸಂಗ್ರಹಾಲಯದಲ್ಲಿ ಇತರ ಮಾದರಿಗಳ ನಡುವೆ ಸೇರಿಹೋಗಿದ್ದವು. 2014ರ ಸುಮಾರಿಗೆ ಹಳೆಯ ಪಟ್ಟಿಯೊಂದರ ನೆರವಿನಿಂದ ಅವುಗಳಲ್ಲಿ 55ನ್ನು ಗುರುತಿಸಿ ಹೊರತೆಗೆದರು. ನಿಮ್ಮ ಭಾಷಣಕ್ಕೆ ಇದೇ ಒಳ್ಳೆಯ ಆರಂಭ. ಪುಸ್ತಕ ಬರುವ ಐದು ವರ್ಷ ಮೊದಲೇ ಡಾರ್ವಿನ್ನನ ಕೈಯಿಂದ ಹೊರಟ ಪೆಟ್ಟಿಗೆ ಕೋಪನ್‌ಹೇಗನ್ ಸೇರಿತ್ತು. ಹಾಗಿದ್ದೂ ಅದನ್ನು ಪಡೆದ ಸ್ಟೇನ್‌ಸ್ಟ್ರುಪ್ ಡಾರ್ವಿನ್ನನ ಸಿದ್ಧಾಂತವನ್ನು ಒಪ್ಪಲಿಲ್ಲ. ಪರಿಚಯದ ಕೊರತೆಯೂ ಅಲ್ಲ, ಚರ್ಚಿನ ಹೆದರಿಕೆಯೂ ಅಲ್ಲ. ಜೀವಿಗಳ ಮೂಲ ಮಾದರಿಗಳು ಸ್ಥಿರ ಎಂಬ ಅವನ ನಂಬಿಕೆ ಒಂದು ಆಯುಷ್ಯದ ಪ್ರಾಣಿಶಾಸ್ತ್ರದ ಮೇಲೆ ನಿಂತಿತ್ತು.

ಮನುಷ್ಯಕುಲದ ವಯಸ್ಸನ್ನು ಹಿಂದಕ್ಕೆ ಸರಿಸಿದವರಲ್ಲಿ ಇದೇ ಸ್ಟೇನ್‌ಸ್ಟ್ರುಪ್ ಕೂಡ ಒಬ್ಬ ಎಂಬುದನ್ನು ಮರೆಯಬೇಡಿ. ಡೆನ್ಮಾರ್ಕಿನ ಕರಾವಳಿಯಲ್ಲಿ ಕಪ್ಪೆಚಿಪ್ಪು, ಮೀನಿನ ಮುಳ್ಳು, ಎಲುಬು, ಬೂದಿ ಸೇರಿದ ದೊಡ್ಡ ದಿಬ್ಬಗಳಿದ್ದವು. ಅವು ಸಮುದ್ರ ತಂದು ಹಾಕಿದ್ದೋ ಮನುಷ್ಯರು ತಿಂದು ಎಸೆದದ್ದೋ ಎಂಬುದನ್ನು ಇತ್ಯರ್ಥ ಮಾಡಲು 1848ರಲ್ಲಿ ಸ್ಟೇನ್‌ಸ್ಟ್ರುಪ್, ಪುರಾತತ್ತ್ವಜ್ಞ ವೊರ್ಸೋ ಮತ್ತು ಭೂವಿಜ್ಞಾನಿ ಫೋರ್ಕ್‌ಹಾಮರ್ ಒಟ್ಟುಗೂಡಿದರು. ಶಿಲಾಯುಗದ ಅಡುಗೆಮನೆಯ ಕಸದ ರಾಶಿ ಎಂದು ತೀರ್ಮಾನವಾಯಿತು. ಅದಕ್ಕೂ ಮುಂಚೆ ಕ್ರಿಶ್ಚನ್ ಯುರ್ಗೆನ್ಸೆನ್ ಥಾಮ್ಸೆನ್ ಕಲ್ಲು, ಕಂಚು, ಕಬ್ಬಿಣ ಎಂಬ ಮೂರು ಯುಗಗಳ ಕ್ರಮವನ್ನು 1836ರಲ್ಲಿ ಅಚ್ಚು ಹಾಕಿಸಿದ್ದ. ಬ್ರೆಜಿಲ್‌ನಲ್ಲಿ ನೆಲೆಸಿದ್ದ ಡೆನ್ಮಾರ್ಕಿನ ಪೀಟರ್ ವಿಲ್ಹೆಲ್ಮ್ ಲುಂಡ್ ಗುಹೆಗಳಲ್ಲಿ ತೆಗೆದ ಅಳಿದ ಪ್ರಾಣಿಗಳ ಎಲುಬುಗಳನ್ನು ಡಾರ್ವಿನ್ ತನ್ನ ಪುಸ್ತಕದಲ್ಲೇ ಸಾಕ್ಷಿಯಾಗಿ ಎತ್ತಿಕೊಂಡಿದ್ದಾನೆ. ಅಂದರೆ ಡೆನ್ಮಾರ್ಕ್ ಬರೀ ಕೈಚಾಚಿ ವಿಚಾರ ಪಡೆದ ದೇಶವಲ್ಲ. ಆ ವಿಚಾರಕ್ಕೆ ಬೇಕಾದ ಸರಕಿನಲ್ಲಿ ಒಂದು ಪಾಲನ್ನು ಅದೂ ಕೊಟ್ಟಿತ್ತು.

ಇನ್ನು ಚರ್ಚ್. 'ಜಗಳವೇ ಆಗಲಿಲ್ಲ' ಎಂಬ ಮಾತಿಗೆ ಅರ್ಧ ಆಧಾರವಿದೆ, ಆ ಅರ್ಧದ ಕಾರಣ ಗೊತ್ತಿಲ್ಲದೆ ಬರೆದರೆ ಲೇಖನ ಪೊಳ್ಳಾಗುತ್ತದೆ. ಡೆನ್ಮಾರ್ಕ್ ಲೂಥರನ್ ದೇಶ, ಅಂದರೆ ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಥಕ್ಕೆ ಸೇರಿದ್ದು. ಅಲ್ಲಿನ ಹಳ್ಳಿ ಹಳ್ಳಿಗೂ ಮುಟ್ಟಿದ ಧಾರ್ಮಿಕ ಚಿಂತಕ ಗ್ರುಂಡ್‌ಟ್ವಿಗ್ 1825ರಿಂದಲೇ ಒಂದು ನಿಲುವು ಹಿಡಿದಿದ್ದ. ಕ್ರೈಸ್ತ ಧರ್ಮದ ಅಡಿಪಾಯ ಬೈಬಲ್ಲಿನ ಅಕ್ಷರವಲ್ಲ; ದೀಕ್ಷಾಸ್ನಾನದ ಹೊತ್ತಿನಲ್ಲಿ ಸಭೆಯಲ್ಲಿ ಬಾಯಿಂದ ಬಾಯಿಗೆ ಬಂದ ವಿಶ್ವಾಸದ ನುಡಿ, ಆ ಜೀವಂತ ಮಾತು ಎಂದು. ಇದರ ಪರಿಣಾಮ ದೊಡ್ಡದು. ನಂಬಿಕೆ ಸೃಷ್ಟಿಕತೆಯ ಒಂದೊಂದು ಪದಕ್ಕೆ ಜೋತುಬಿದ್ದಿರಲಿಲ್ಲವಾದ್ದರಿಂದ ಆರು ದಿನದ ಲೆಕ್ಕ ಅಲುಗಿದರೂ ಗುಡಿ ಬೀಳುವ ಭಯ ಕಡಿಮೆ. ಅವನ ಪ್ರೇರಣೆಯಿಂದ ಹುಟ್ಟಿದ ಜನತಾ ಪ್ರೌಢಶಾಲೆಗಳು, ಮೊದಲನೆಯದು 1844ರಲ್ಲಿ ರೋಡಿಂಗ್‌ನಲ್ಲಿ, ರೈತರ ಮಕ್ಕಳಿಗೆ ಇತಿಹಾಸವನ್ನೂ ನಿಸರ್ಗವನ್ನೂ ಪರೀಕ್ಷೆಯಿಲ್ಲದೆ ಕಲಿಸಿದವು. 1849ರ ಸಂವಿಧಾನ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿತ್ತು. ಇದಕ್ಕೆ ಪ್ರತಿಯಾಗಿ 'ಒಳನಾಡ ಮಿಷನ್' ಎಂಬ ಕಟ್ಟುನಿಟ್ಟಿನ ಭಕ್ತಿಪಂಥವೂ ಅದೇ ಕಾಲಕ್ಕೆ ಬೆಳೆಯುತ್ತಿತ್ತು. ಅಲ್ಲಿ ಬೈಬಲ್ಲಿನ ಅಕ್ಷರಕ್ಕೆ ಬೆಲೆ ಹೆಚ್ಚು. ಆದ್ದರಿಂದ 'ಚರ್ಚ್ ಹೀಗೆ ಹೇಳಿತು' ಎಂದು ಏಕವಚನದಲ್ಲಿ ಬರೆಯಬೇಡಿ.

ಹಾಗಾದರೆ ಕಿಡಿ ಹೊತ್ತಿದ್ದು ಎಲ್ಲಿ? 1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯದ ಎದುರು ಸೋತು ಡೆನ್ಮಾರ್ಕ್ ತನ್ನ ದಕ್ಷಿಣದ ಪ್ರಾಂತಗಳಾದ ಶ್ಲೆಸ್ವಿಗ್, ಹೋಲ್‌ಸ್ಟೈನ್, ಲೌಯೆನ್‌ಬುರ್ಗ್‌ಗಳನ್ನು ಕಳೆದುಕೊಂಡಿತು. ರಾಜನ ಆಳ್ವಿಕೆಯಲ್ಲಿದ್ದ ನೆಲದಲ್ಲೂ ಜನರಲ್ಲೂ ಐದರಲ್ಲಿ ಸುಮಾರು ಎರಡು ಪಾಲು ಹೋಯಿತು. ಹೊರಗೆ ಕಳೆದದ್ದನ್ನು ಒಳಗೆ ಗಳಿಸೋಣ ಎಂಬ ಮನಸ್ಸು ದೇಶವನ್ನು ಹಿಡಿದಿತ್ತು. ಹಾಗೆ ಒಳಮುಖವಾಗಿದ್ದ ದೇಶದಲ್ಲಿ 1871ರ ನವೆಂಬರ್ 3ರಂದು ಗೇಯೊರ್ಗ್ ಬ್ರಾಂಡೆಸ್ ಎಂಬ ಯುವ ವಿಮರ್ಶಕ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಮಾಲೆ ಶುರುಮಾಡಿದ. ಸಮಸ್ಯೆಗಳನ್ನು ಚರ್ಚೆಗೆ ಎಳೆಯುವ ಸಾಹಿತ್ಯವೇ ಜೀವಂತ ಸಾಹಿತ್ಯ, ಡೆನ್ಮಾರ್ಕ್ ಯುರೋಪಿಗಿಂತ ದಶಕಗಳಷ್ಟು ಹಿಂದುಳಿದಿದೆ ಎಂಬುದು ಅವನ ವಾದ. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಇಂಗ್ಲೆಂಡಿನ ಚಿಂತಕ ಮಿಲ್ ಬರೆದ ಪುಸ್ತಕವನ್ನು ಅವನು ಅದಾಗಲೇ ಅನುವಾದಿಸಿದ್ದ. ಡಾರ್ವಿನ್ ಡೆನ್ಮಾರ್ಕಿನ ಸಾಮಾನ್ಯ ಓದುಗರ ಮನೆಗೆ ಬಂದದ್ದು ಈ ಬಳಗದ ಕೈಯಿಂದ. ವಿಕಾಸವಾದ, ಮುಕ್ತಚಿಂತನೆ, ಮದುವೆಯ ಟೀಕೆ, ಧರ್ಮದ ಟೀಕೆ ಎಲ್ಲ ಒಂದೇ ಹೊರೆಯಲ್ಲಿ ಬಂದವು. ಸಂಪ್ರದಾಯಸ್ಥರು ಸಿಟ್ಟಾದದ್ದು ಆ ಇಡೀ ಹೊರೆಯ ಮೇಲೆ. ಬ್ರಾಂಡೆಸ್‌ಗೆ ನ್ಯಾಯವಾಗಿ ಸಿಗಬೇಕಿದ್ದ ಸೌಂದರ್ಯಶಾಸ್ತ್ರದ ಪೀಠ ಸಿಗಲಿಲ್ಲ. ಪ್ರಾಧ್ಯಾಪಕನೆಂಬ ಬಿರುದು ಬಂದದ್ದು 1902ರಲ್ಲಿ. ಜಗಳವಾದದ್ದು ನಿಜ. ಅದು ಪ್ರಾಣಿಶಾಸ್ತ್ರದ ಜಗಳ ಆಗಿರಲಿಲ್ಲ ಎಂಬುದೂ ನಿಜ.

ಆ ಬಳಗದಲ್ಲಿ ಡಾರ್ವಿನ್ನನನ್ನು ಅನುವಾದಿಸಿದವನು ಯೆನ್ಸ್ ಪೀಟರ್ ಯಾಕೊಬ್ಸೆನ್. ಮುಂದೆ ದೊಡ್ಡ ಕಾದಂಬರಿಕಾರನಾದ, 1880ರಲ್ಲಿ ನಾಸ್ತಿಕನೊಬ್ಬನ ಬಾಳಿನ ಕಾದಂಬರಿ ಬರೆದ, 1885ರಲ್ಲಿ 38ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ. ಅನುವಾದ ಮಾಡುವಾಗ ಅವನಿಗೆ 24, ಓದುತ್ತಿದ್ದದ್ದು ಸಸ್ಯಶಾಸ್ತ್ರ. ಸಿಹಿನೀರಿನ ಡೆಸ್ಮಿಡ್ ಎಂಬ ಏಕಕೋಶ ಪಾಚಿಗಳ ಮೇಲಿನ ಪ್ರಬಂಧಕ್ಕೆ 1873ರಲ್ಲಿ ವಿಶ್ವವಿದ್ಯಾಲಯದ ಚಿನ್ನದ ಪದಕ ಪಡೆದ. 'ಸಾಹಿತಿಯೊಬ್ಬ ವಿಜ್ಞಾನಕ್ಕೆ ಕೈಹಾಕಿದ' ಎಂದು ಬರೆದರೆ ಅವನಿಗೆ ಅನ್ಯಾಯ ಮಾಡಿದಂತೆ.

ಅವನ ಅನುವಾದದ ತಲೆಬರಹದ ಮೇಲೆ ಹತ್ತು ನಿಮಿಷ ಖರ್ಚು ಮಾಡಿ. ಡ್ಯಾನಿಷ್ ಬಾರದಿದ್ದರೂ ಇಷ್ಟನ್ನು ನೀವು ಪದ ಪದವಾಗಿ ತೋರಿಸಬಹುದು. ಇಂಗ್ಲಿಷ್ ತಲೆಬರಹದ ಸಾರ ಇದು: ನಿಸರ್ಗದ ಆಯ್ಕೆಯಿಂದ, ಅಂದರೆ ಬಾಳಿನ ಹೋರಾಟದಲ್ಲಿ ಅನುಕೂಲ ಪಡೆದ ತಳಿಗಳು ಉಳಿದುಕೊಳ್ಳುವುದರಿಂದ ಆಗುವ ಪ್ರಭೇದಗಳ ಹುಟ್ಟು. ಯಾಕೊಬ್ಸೆನ್ 'ನಿಸರ್ಗದ ಆಯ್ಕೆ' ಇದ್ದ ಕಡೆ 'ಕ್ವಾಲಿಟೇಟ್ಸ್‌ವಾಲ್' ಎಂದು ಹಾಕಿದ. ಅಂದರೆ 'ಗುಣದ ಆಯ್ಕೆ'. 'ತಳಿ' ಇದ್ದ ಕಡೆ 'ರೂಪ' ಎಂದ. 'ಉಳಿದುಕೊಳ್ಳುವುದು' ಇದ್ದ ಕಡೆ 'ಸೆಯರ್' ಎಂದ, ಅಂದರೆ 'ಗೆಲುವು'. 'ಅನುಕೂಲ ಪಡೆದ' ಎಂಬುದು 'ಅತ್ಯಂತ ಅದೃಷ್ಟದ ಸ್ಥಾನದಲ್ಲಿರುವ' ಎಂದಾಯಿತು. 'ಬಾಳಿನ ಹೋರಾಟ' ಎಂಬುದು 'ಇರುವಿಕೆಗಾಗಿ ಹೋರಾಟ' ಎಂದಾಯಿತು.

ಒಂದೊಂದು ಬದಲಾವಣೆಯ ಬೆಲೆ ತೂಗಿ ನೋಡಿ. 'ನಿಸರ್ಗ' ಎಂಬ ಪದ ಹೋದದ್ದರಿಂದ, ಆರಿಸುವವಳು ನಿಸರ್ಗದೇವಿ ಎಂಬ ತಪ್ಪು ಕಲ್ಪನೆಗೆ ಜಾಗ ಕಡಿಮೆಯಾಯಿತು. ಇಂಗ್ಲೆಂಡಿನಲ್ಲಿ ಡಾರ್ವಿನ್ ಪದೇ ಪದೇ ಸಮಜಾಯಿಷಿ ಕೊಡಬೇಕಾಗಿ ಬಂದ ಕಲ್ಪನೆ ಅದು. ಅದರ ಬದಲು 'ಗುಣ' ಬಂದದ್ದರಿಂದ ಉಳಿದದ್ದು ಉತ್ತಮವಾದದ್ದು ಎಂಬ ಮೌಲ್ಯದ ತೀರ್ಪು ಒಳಗೆ ನುಸುಳಿತು. 'ಗೆಲುವು' ಅದನ್ನು ಇನ್ನೂ ಬಿಗಿ ಮಾಡಿತು. ಆದರೆ ಪಕ್ಕದಲ್ಲೇ 'ಅದೃಷ್ಟದ ಸ್ಥಾನ' ಇದೆ. ಗೆದ್ದದ್ದು ಶ್ರೇಷ್ಠವಾದ್ದರಿಂದಲ್ಲ, ಆ ಜಾಗಕ್ಕೆ ಆ ಹೊತ್ತಿಗೆ ಹೊಂದಿದ್ದರಿಂದ ಎಂಬ ಡಾರ್ವಿನ್ನನ ಮುಖ್ಯ ಮಾತನ್ನು ಇಂಗ್ಲಿಷ್ ತಲೆಬರಹಕ್ಕಿಂತ ಇದು ಚೆನ್ನಾಗಿ ಹಿಡಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಂದೆ 1874-75ರಲ್ಲಿ ಬಂದ ಎರಡನೆಯ ಅನುವಾದ, ಮನುಷ್ಯನ ಮೂಲದ ಪುಸ್ತಕ, ಅದರಲ್ಲಿ ಲೈಂಗಿಕ ಆಯ್ಕೆಗೆ 'ಜೋಡಿಯ ಆಯ್ಕೆ' ಎಂಬರ್ಥದ ಪದ ಬಳಸಿದ್ದಾನೆ.

ಇದನ್ನು ಹೇಳುವಾಗ ನಮ್ಮದೇ ಪದಗಳತ್ತ ಒಮ್ಮೆ ತಿರುಗಿ. ಡ್ಯಾನಿಷ್‌ನಲ್ಲಿ ವಿಕಾಸಕ್ಕೆ 'ಉದ್‌ವಿಕ್ಲಿಂಗ್' ಎನ್ನುತ್ತಾರೆ, ಮೂಲಾರ್ಥ 'ಸುತ್ತಿಟ್ಟದ್ದನ್ನು ಬಿಚ್ಚುವುದು'. ನಮ್ಮ 'ವಿಕಾಸ' ಎಂದರೆ ಅರಳುವುದು. ಎರಡರಲ್ಲೂ ಒಳಗೆ ಮೊದಲೇ ಇದ್ದದ್ದು ಹೊರಬರುತ್ತದೆ ಎಂಬ ಧ್ವನಿ ಇದೆ; ಮೊಗ್ಗು ಅರಳಿದರೆ ಹೂವೇ ಆಗಬೇಕು. ಡಾರ್ವಿನ್ನನ ಕವಲುಮರಕ್ಕೆ ಅಂಥ ಗೊತ್ತುಪಡಿಸಿದ ಗುರಿಯಿಲ್ಲ. ನಿಸರ್ಗದಲ್ಲಿ ಚೈತನ್ಯವೊಂದು ಮೇಲೇರುತ್ತಿದೆ ಎಂಬ ರಮ್ಯ ತತ್ತ್ವವನ್ನು, ವಿದ್ಯುತ್ತಿನ ಕಾಂತಶಕ್ತಿಯನ್ನು ಕಂಡುಹಿಡಿದ ಹನ್ಸ್ ಕ್ರಿಶ್ಚನ್ ಓರ್ಸ್ಟೆಡ್ ಡೆನ್ಮಾರ್ಕಿನಲ್ಲಿ ಮೊದಲೇ ಹರಡಿದ್ದ. ಆದ್ದರಿಂದ 'ಉದ್‌ವಿಕ್ಲಿಂಗ್' ಕೇಳಿದ ಓದುಗನಿಗೆ ಅದು ಹೊಸ ವಿಚಾರ ಅನ್ನಿಸಲಿಲ್ಲ, ಹಳೆಯ ಪರಿಚಿತ ವಿಚಾರದ ಮುಂದುವರಿಕೆ ಅನ್ನಿಸಿತು. ಎರಡನೆಯ ಸಂಗತಿ ಸದ್ದಿಲ್ಲದೆ ನೆಲೆಯಾಗಲು ಇದೂ ಒಂದು ಕಾರಣ. ತಪ್ಪು ಅರ್ಥವೇ ಸಿದ್ಧಾಂತವನ್ನು ಒಳಗೆ ಬಿಟ್ಟುಕೊಂಡಿತು.

ಇನ್ನೊಂದು ವಿವರ. ಯಾಕೊಬ್ಸೆನ್ ಅನುವಾದಿಸಿದ್ದು 1869ರ ಐದನೇ ಆವೃತ್ತಿಯನ್ನು. ಇಂಗ್ಲೆಂಡಿನ ಚಿಂತಕ ಸ್ಪೆನ್ಸರ್‌ನಿಂದ ಎರವಲು ತಂದ 'ಅತಿ ಹೊಂದಿಕೆಯಾದವುಗಳ ಉಳಿವು' ಎಂಬ ಪದಗುಚ್ಛ ಮೊದಲು ಸೇರಿದ್ದು ಅದರಲ್ಲಿ. 1872ರಲ್ಲಿ ಆರನೇ ಆವೃತ್ತಿ ಬಂತು. ಪ್ರಾಣಿಶಾಸ್ತ್ರಜ್ಞ ಮೈವರ್ಟ್ ಎತ್ತಿದ ಆಕ್ಷೇಪಗಳಿಗೆ ಉತ್ತರಿಸುವ ಒಂದು ಇಡೀ ಹೊಸ ಅಧ್ಯಾಯ ಅದರಲ್ಲಿತ್ತು. ಡ್ಯಾನಿಷ್ ಓದುಗರ ಕೈಗೆ ಬಂದ ಪುಸ್ತಕದಲ್ಲಿ ಆ ಅಧ್ಯಾಯ ಇರಲಿಲ್ಲ. 'ಡ್ಯಾನಿಷ್ ಓದುಗರು ಓದಿದ ಡಾರ್ವಿನ್' ಎಂದು ಉಲ್ಲೇಖಿಸುವಾಗ ಈಗ ಅಂಗಡಿಯಲ್ಲಿ ಸಿಗುವ ಪುಸ್ತಕದಿಂದ ಸಾಲು ಎತ್ತಬೇಡಿ. ಈಗ ಸಿಗುವುದು ಹೆಚ್ಚಾಗಿ ಮೊದಲ ಅಥವಾ ಆರನೇ ಆವೃತ್ತಿ. ಈ ಬಗೆಯ ಲೇಖನಗಳಲ್ಲಿ ಪದೇ ಪದೇ ಕಾಣುವ ತಪ್ಪು ಇದು.

ಈಗ ಮೂರನೆಯ ಸಂಗತಿ, ನಿಸರ್ಗದ ಆಯ್ಕೆ. 1880ರಿಂದ 1920ರವರೆಗೆ ಯುರೋಪಿನಲ್ಲೆಲ್ಲ ಜೀವಿಗಳು ಕವಲೊಡೆದು ಬಂದದ್ದನ್ನು ಒಪ್ಪಿ ಆಯ್ಕೆಯನ್ನು ಅನುಮಾನಿಸುವುದೇ ವಾಡಿಕೆಯಾಗಿತ್ತು. ಡೆನ್ಮಾರ್ಕಿನಲ್ಲಿ ಅದರ ದೊಡ್ಡ ಹೆಸರು ಎವ್ಗೇನಿಯುಸ್ ವಾರ್ಮಿಂಗ್. ಸಸ್ಯ ಪರಿಸರಶಾಸ್ತ್ರಕ್ಕೆ ಬುನಾದಿ ಹಾಕಿದ ಅವನ ಪುಸ್ತಕ ಬಂದದ್ದು 1895ರಲ್ಲಿ. ತರುಣನಾಗಿದ್ದಾಗ ಬ್ರೆಜಿಲ್‌ನಲ್ಲಿ ಲುಂಡ್‌ನ ಸಹಾಯಕನಾಗಿ ಮೂರು ವರ್ಷ ಇದ್ದು ಬಂದವನು. ಒಣನೆಲದ ಗಿಡಕ್ಕೆ ದಪ್ಪ ಎಲೆ, ಜೌಗಿನ ಗಿಡಕ್ಕೆ ಗಾಳಿಚೀಲದ ಕಾಂಡ. ಇಂಥ ಹೊಂದಾಣಿಕೆಗಳನ್ನು ದಿನವೂ ನೋಡುತ್ತಿದ್ದ ಅವನಿಗೆ ಪರಿಸರವೇ ಗಿಡವನ್ನು ನೇರವಾಗಿ ತಿದ್ದುತ್ತದೆ, ಆ ತಿದ್ದುಪಡಿ ಪೀಳಿಗೆಗೆ ಇಳಿಯುತ್ತದೆ ಎನ್ನಿಸಿತು. ಡಾರ್ವಿನ್ನನಿಗಿಂತ ಹಿಂದಿನ ಫ್ರೆಂಚ್ ವಿಜ್ಞಾನಿ ಲಾಮಾರ್ಕ್‌ನ ದಾರಿ ಅದು. ತಪ್ಪು ದಾರಿ, ಆದರೆ ಆನುವಂಶಿಕತೆಯ ವಿಜ್ಞಾನ ಇನ್ನೂ ಹುಟ್ಟಿರದ ಕಾಲಕ್ಕೆ ಅದು ಪೆದ್ದುತನವಾಗಿರಲಿಲ್ಲ.

ಆ ದಾರಿಗೆ ಅಡ್ಡ ಬೇಲಿ ಹಾಕಿದವನೇ ನಿಮ್ಮ ಯೋಹಾನ್ಸೆನ್. ಇಲ್ಲಿ ನಿಧಾನಿಸಿ, ನಿಮ್ಮ ಅಳುಕಿಗೆ ಮದ್ದು ಇರುವುದು ಇಲ್ಲೇ. ವಿಲ್ಹೆಲ್ಮ್ ಯೋಹಾನ್ಸೆನ್ ಔಷಧಿ ಅಂಗಡಿಯಲ್ಲಿ ಕೆಲಸ ಕಲಿತು, 1881ರಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯ ಸೇರಿ, ಹೆಚ್ಚಿನದನ್ನೆಲ್ಲ ಸ್ವಂತವಾಗಿ ಓದಿಕೊಂಡವನು. 1903ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಅವನು ಬಳಸಿದ್ದು 'ಪ್ರಿನ್ಸೆಸ್' ಎಂಬ ಬೀನ್ಸ್ ತಳಿ. ನಮ್ಮ ತಿಂಗಳಹುರುಳಿ, ರಾಜ್ಮಾ ಸೇರಿದ ಪ್ರಭೇದವೇ. ಬೀನ್ಸ್ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದ್ದರಿಂದ ಒಂದೇ ಕಾಳಿನಿಂದ ಇಳಿದ ಪೀಳಿಗೆಯಲ್ಲಿ ಆನುವಂಶಿಕ ವ್ಯತ್ಯಾಸ ಹೆಚ್ಚುಕಡಿಮೆ ಇರುವುದೇ ಇಲ್ಲ. ಇಂಥದ್ದನ್ನು ಅವನು 'ಶುದ್ಧ ಸಾಲು' ಎಂದು ಕರೆದ. ಮಾರುಕಟ್ಟೆಯ ಬೀಜದಿಂದ ಇಂಥ 19 ಸಾಲುಗಳನ್ನು ಬೇರ್ಪಡಿಸಿದ. ಸಾಲುಗಳ ಸರಾಸರಿ ಕಾಳುತೂಕ ಸುಮಾರು 350 ಮಿಲಿಗ್ರಾಂನಿಂದ 640 ಮಿಲಿಗ್ರಾಂವರೆಗೆ ಹರಡಿತ್ತು.

ಈಗ 13ನೇ ಸಾಲನ್ನು ಹತ್ತಿರದಿಂದ ನೋಡಿ. ಆ ಒಂದೇ ಸಾಲಿನೊಳಗೂ ಸಣ್ಣ ಕಾಳು, ದೊಡ್ಡ ಕಾಳು ಇದ್ದವು. 200, 300, 400, 500 ಮಿಲಿಗ್ರಾಂ ತೂಕದ ಕಾಳುಗಳನ್ನು ಬೇರೆ ಬೇರೆ ಬಿತ್ತಿದ. ಅವುಗಳ ಮಕ್ಕಳ ಸರಾಸರಿ ಕ್ರಮವಾಗಿ 475, 450, 451, 458 ಮಿಲಿಗ್ರಾಂ. ತಾಯಿಕಾಳು ಎರಡೂವರೆ ಪಟ್ಟು ದೊಡ್ಡದಿದ್ದರೂ ಮಕ್ಕಳಲ್ಲಿ ಅದರ ಗುರುತಿಲ್ಲ. ಬೇರೆ ಸಾಲುಗಳಲ್ಲಿ ಆರು ಪೀಳಿಗೆಗಳವರೆಗೆ ಸಣ್ಣದರಲ್ಲಿ ಸಣ್ಣದನ್ನೂ ದೊಡ್ಡದರಲ್ಲಿ ದೊಡ್ಡದನ್ನೂ ಆರಿಸುತ್ತಾ ಹೋದರೂ ಸಾಲಿನ ಸರಾಸರಿ ಜಗ್ಗಲಿಲ್ಲ. ಸಾಲಿನೊಳಗಿನ ವ್ಯತ್ಯಾಸ ಮಣ್ಣು, ನೀರು, ಗಿಡದಲ್ಲಿ ಕಾಯಿ ಇದ್ದ ಜಾಗ, ಕಾಯಿಯೊಳಗೆ ಕಾಳು ಕೂತ ಸ್ಥಾನ ಇವುಗಳಿಂದ ಬಂದದ್ದು, ಪೀಳಿಗೆಗೆ ಇಳಿಯದ್ದು. ಕಣ್ಣಿಗೆ ಕಾಣುವ ಲಕ್ಷಣವೇ ಬೇರೆ, ಪೀಳಿಗೆಗೆ ಇಳಿಯುವ ಸರಕೇ ಬೇರೆ ಎಂಬ ಭೇದ ಇದರಿಂದ ಸ್ಪಷ್ಟವಾಯಿತು. ಕಾಣುವ ಲಕ್ಷಣಕ್ಕೆ ಫಿನೋಟೈಪ್, ಇಳಿಯುವ ಸರಕಿಗೆ ಜೀನೋಟೈಪ್, ಆ ಸರಕಿನ ಒಂದೊಂದು ಘಟಕಕ್ಕೆ ಜೀನ್, ಈ ಮೂರೂ ಪದಗಳನ್ನು ಅವನು 1909ರಲ್ಲಿ ಕೊಟ್ಟ.

ಇದು ಡಾರ್ವಿನ್ನನನ್ನು ಸುಳ್ಳು ಮಾಡಿತೇ? ಆರಿಸಲು ಆನುವಂಶಿಕ ವ್ಯತ್ಯಾಸವೇ ಇಲ್ಲದ ಕಡೆ ಆಯ್ಕೆ ಕೆಲಸ ಮಾಡದು ಎಂದು ತೋರಿಸಿತು, ಅಷ್ಟೆ. ಅದೇ ಪ್ರಯೋಗದಲ್ಲಿ, 19 ಸಾಲುಗಳೂ ಬೆರೆತ ಮಾರುಕಟ್ಟೆ ಬೀಜದಿಂದ ದೊಡ್ಡ ಕಾಳು ಆರಿಸಿ ಬಿತ್ತಿದಾಗ ಮಕ್ಕಳ ಸರಾಸರಿ ಏರಿತು, ಏಕೆಂದರೆ ದೊಡ್ಡ ಕಾಳಿನ ಸಾಲುಗಳು ಹೆಚ್ಚಾಗಿ ಆಯ್ಕೆಯಾದವು. ಅಂದರೆ ಆಯ್ಕೆ ಕೆಲಸ ಮಾಡಿದ್ದನ್ನೂ ಅವನ ಕೋಷ್ಟಕಗಳೇ ಹೇಳುತ್ತವೆ. ಆದರೆ ಒಂದನ್ನು ಮುಚ್ಚಿಡಬೇಡಿ. ಆಯ್ಕೆ ಇದ್ದದ್ದನ್ನು ಬೇರ್ಪಡಿಸುತ್ತದೆಯೇ ಹೊರತು ಹೊಸದನ್ನು ಹುಟ್ಟಿಸದು ಎಂದು ಯೋಹಾನ್ಸೆನ್ ಸ್ವತಃ ಬಲವಾಗಿ ನಂಬಿದ್ದ, ಡಾರ್ವಿನ್ನನ ಆಯ್ಕೆ ತತ್ತ್ವಕ್ಕೆ ಇದು ಪೆಟ್ಟು ಎಂದೇ ತಿಳಿದಿದ್ದ. ಆ ಅಂತರ ಮುಚ್ಚಿದ್ದು ಇತರರ ಕೆಲಸದಿಂದ. ಪಕ್ಕದ ಸ್ವೀಡನ್ನಿನ ಸ್ವಾಲೋಫ್‌ನಲ್ಲಿ ನಿಲ್ಸನ್-ಎಹ್ಲೆ ಗೋಧಿಯ ಕಾಳಿನ ಬಣ್ಣದ ಮೇಲೆ ಪ್ರಯೋಗ ಮಾಡಿ, ಒಂದೇ ಲಕ್ಷಣದ ಹಿಂದೆ ಹಲವು ಜೀನ್‌ಗಳು ಕೂಡಿ ಸಣ್ಣ ಸಣ್ಣ ಮೆಟ್ಟಿಲು ಕಟ್ಟುತ್ತವೆ ಎಂದು 1909ರ ಹೊತ್ತಿಗೆ ತೋರಿಸಿದ. 1918ರಲ್ಲಿ ಇಂಗ್ಲೆಂಡಿನ ಫಿಶರ್ ಅದನ್ನು ಗಣಿತಕ್ಕೆ ಇಳಿಸಿದ. ಅಡ್ಡತಳಿಯಿಂದ ಜೀನ್‌ಗಳ ಹೊಸ ಜೋಡಣೆ, ಜೊತೆಗೆ ಜೀನ್‌ಗಳಲ್ಲೇ ಆಗುವ ಆಕಸ್ಮಿಕ ಬದಲಾವಣೆ, ಇವೆರಡೂ ಸರಕು ಒದಗಿಸುತ್ತಿದ್ದರೆ ಆಯ್ಕೆಗೆ ಕೆಲಸ ತೀರುವುದಿಲ್ಲ. ಡಾರ್ವಿನ್ನನ ಹತ್ತಿರ ಇರದಿದ್ದ ಒಂದು ಬಿಡಿಭಾಗವನ್ನು ಯೋಹಾನ್ಸೆನ್ ತಯಾರಿಸಿದ, ಅದು ಎಲ್ಲಿ ಕೂರುತ್ತದೆ ಎಂಬುದನ್ನು ಬೇರೆಯವರು ಕಂಡರು.

ಮಕ್ಕಳಿಗೆ ಇದು ಮಾತಿನಿಂದ ಅರ್ಥವಾಗದು, ಕಾಳು ತೂಗಿಸಿ. ಒಂದೇ ಪೊಟ್ಟಣದ 50 ರಾಜ್ಮಾ ಕಾಳು ತೆಗೆದುಕೊಳ್ಳಿ. ಅಕ್ಕಸಾಲಿಗರು ಬಳಸುವಂಥ, 10 ಮಿಲಿಗ್ರಾಂ ವ್ಯತ್ಯಾಸ ಹಿಡಿಯುವ ತಕ್ಕಡಿ ಸಾಕು. 50 ಮಿಲಿಗ್ರಾಂಗೆ ಒಂದು ಮನೆಯಂತೆ ಗೆರೆ ಎಳೆದು ಕಾಳುಗಳನ್ನು ಕಾಗದದ ಮೇಲೇ ಜೋಡಿಸಿದರೆ ನಡುವೆ ಉಬ್ಬಿದ ಗುಡ್ಡೆ ಕಾಣುತ್ತದೆ. 'ಇದರಲ್ಲಿ ಎಷ್ಟು ಪಾಲು ಪೀಳಿಗೆಗೆ ಇಳಿಯುತ್ತದೆ?' ಎಂದು ಕೇಳಿ. ನೋಡಿ ಹೇಳಲಾಗದು, ಬೆಳೆದೇ ನೋಡಬೇಕು ಎಂಬುದು ಪಾಠ. ಬೆಳೆಸುವುದಾದರೆ ಒಣ ಕಾಳು ಕೈಗೆ ಬರಲು ಮೂರು ತಿಂಗಳಿಗೂ ಹೆಚ್ಚು ಬೇಕು. ಎರಡು ಕಡೆ ಎಡವುತ್ತಾರೆ. ಅಂಗಡಿಯ ಕಾಳು ಹಲವು ಸಾಲುಗಳ ಬೆರಕೆ ಇರಬಹುದು, ಹಾಗಾಗಿ ದೊಡ್ಡ ಕಾಳಿನ ಮಕ್ಕಳು ದೊಡ್ಡದಾಗಿ ಬಂದು 'ಯೋಹಾನ್ಸೆನ್ ತಪ್ಪು' ಅನ್ನಿಸುತ್ತದೆ. ಒಂದೇ ಗಿಡದ ಕಾಳುಗಳನ್ನೇ ಬಿತ್ತಿದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಇನ್ನೊಂದು, ಸಣ್ಣ ಕಾಳುಗಳನ್ನೆಲ್ಲ ಒಂದು ಮಡಿಗೆ, ದೊಡ್ಡವನ್ನೆಲ್ಲ ಇನ್ನೊಂದು ಮಡಿಗೆ ಹಾಕುವುದು. ಆಗ ಅಳೆದದ್ದು ಮಡಿಯ ಮಣ್ಣನ್ನು. ಒಂದೇ ಮಡಿಯಲ್ಲಿ ಚೀಟಿ ಎತ್ತಿ ಬೆರೆಸಿ ಬಿತ್ತಿ, ಗಿಡಕ್ಕೆ ಗುರುತುಕಡ್ಡಿ ಚುಚ್ಚಿ.

ಲೇಖನ ಕಟ್ಟಲು ಮೂರು ದಾರಿಗಳು ಕಾಣುತ್ತವೆ. ವಿಜ್ಞಾನಿಗಳ ಸಾಲು ಹಿಡಿದು ಸ್ಟೇನ್‌ಸ್ಟ್ರುಪ್, ವಾರ್ಮಿಂಗ್, ಯೋಹಾನ್ಸೆನ್ ಎಂದು ಹೋಗಬಹುದು. ನಿಮ್ಮ ವಿಷಯಕ್ಕೆ ಹತ್ತಿರ, ಆದರೆ ಡೆನ್ಮಾರ್ಕ್ ಡಾರ್ವಿನ್ನನನ್ನು ಬರೀ ವಿರೋಧಿಸಿತು ಎಂಬ ಚಿತ್ರ ಬರುವ ಅಪಾಯವಿದೆ. ಬ್ರಾಂಡೆಸ್, ಯಾಕೊಬ್ಸೆನ್ ಹಿಡಿದು ಸಾಹಿತ್ಯದ ಕಡೆಯಿಂದ ಹೋದರೆ ಕತೆ ಸೊಗಸಾಗುತ್ತದೆ, ವಿಜ್ಞಾನ ಜಾರುತ್ತದೆ. ಮೂರನೆಯದು, ನಾನು ಸೂಚಿಸುವುದು, ಒಂದೇ ಪದದ ಬೆನ್ನು ಹತ್ತುವುದು. 'ಆಯ್ಕೆ' ಎಂಬುದು 1872ರಲ್ಲಿ ಯಾಕೊಬ್ಸೆನ್‌ನ ಕೈಯಲ್ಲಿ 'ಗುಣದ ಆಯ್ಕೆ' ಆಯಿತು, ವಾರ್ಮಿಂಗ್‌ನ ಹತ್ತಿರ ಹಿಂದೆ ಸರಿಯಿತು, ಯೋಹಾನ್ಸೆನ್‌ನ ತಕ್ಕಡಿಯಲ್ಲಿ ಅಳತೆಗೆ ಸಿಕ್ಕಿತು. ಮುಕ್ಕಾಲು ಗಂಟೆಗೆ ಇದು ತಕ್ಕುದಾಗಿದೆ. ಈ ದಾರಿಯ ಅಪಾಯವೆಂದರೆ 1929 ಬಿಟ್ಟುಹೋಗುವುದು. ಆ ವರ್ಷ ಡೆನ್ಮಾರ್ಕ್ ಸಂತಾನಶಕ್ತಿ ಹರಣದ ಕಾನೂನು ಮಾಡಿತು, ರಾಷ್ಟ್ರಮಟ್ಟದಲ್ಲಿ ಯುರೋಪಿಗೇ ಮೊದಲನೆಯದು. 'ಗುಣದ ಆಯ್ಕೆ'ಯನ್ನು ಮನುಷ್ಯರ ಮೇಲೆ ಹೂಡಿದ ಕತೆ ಅದು. ಅದನ್ನು ದಯವಿಟ್ಟು ಬಿಡಬೇಡಿ, ಐದು ನಿಮಿಷವಾದರೂ ಕೊಡಿ.

ಭಾಷೆಯ ತೊಡಕಿಗೆ: ಯಾಕೊಬ್ಸೆನ್‌ನ ಅನುವಾದದ ಪುಟಚಿತ್ರಗಳು 'ಡಾರ್ವಿನ್ ಆನ್‌ಲೈನ್' ಜಾಲತಾಣದಲ್ಲಿವೆ, ಸ್ಟೇನ್‌ಸ್ಟ್ರುಪ್ ಜೊತೆಗಿನ ಪತ್ರಗಳು ಡಾರ್ವಿನ್ ಪತ್ರವ್ಯವಹಾರ ಯೋಜನೆಯಲ್ಲಿ ಇಂಗ್ಲಿಷ್‌ನಲ್ಲೇ ಸಿಗುತ್ತವೆ. ಹಳೆಯ ಡ್ಯಾನಿಷನ್ನು ಯಂತ್ರಾನುವಾದಕ್ಕೆ ಹಾಕುವಾಗ ಎಚ್ಚರ. 1948ರ ಕಾಗುಣಿತ ಸುಧಾರಣೆಗೆ ಮುಂಚೆ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಶುರುವಾಗುತ್ತಿದ್ದವು, ಈಗ ತಲೆಯ ಮೇಲೆ ಸುಳಿ ಇರುವ 'ಎ' (å) ಅಕ್ಷರವನ್ನು ಎರಡು 'ಎ' (aa) ಹಾಕಿ ಬರೆಯುತ್ತಿದ್ದರು. ಯಂತ್ರ ಸಾಮಾನ್ಯ ನಾಮಪದವನ್ನು ವ್ಯಕ್ತಿಯ ಹೆಸರೆಂದು ತಿಳಿಯುವುದುಂಟು. ಒಂದು ವಾಕ್ಯವನ್ನು ಎರಡು ಬೇರೆ ಅನುವಾದಕಗಳಲ್ಲಿ ಹಾಕಿ, ಎರಡೂ ಒಂದೇ ಅರ್ಥ ಕೊಟ್ಟರೆ ಮಾತ್ರ ಬಳಸಿ. ಹೆಸರುಗಳಲ್ಲೂ ಒಂದು ಗುಂಡಿ ಇದೆ: ಡಾರ್ವಿನ್ನನನ್ನು ಅನುವಾದಿಸಿದ ಯಾಕೊಬ್ಸೆನ್ ಬೇರೆ, ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಯಾಕೊಬ್ಸೆನ್ ಬೇರೆ. ಗೊಂದಲ ಹೆಚ್ಚಲು ಕಾರಣವೂ ಇದೆ. ಆ ಬಿಯರ್ ಪ್ರಯೋಗಾಲಯದಲ್ಲಿ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ ಎಮಿಲ್ ಕ್ರಿಶ್ಚನ್ ಹನ್ಸೆನ್ ಅದಕ್ಕೂ ಮುಂಚೆ, 1876ರಲ್ಲಿ, ಬೀಗಲ್ ಎಂಬ ಹಡಗಿನಲ್ಲಿ ಡಾರ್ವಿನ್ ಮಾಡಿದ ಯಾನದ ಪುಸ್ತಕವನ್ನು ಗೆಳೆಯನೊಬ್ಬನ ಜೊತೆ ಸೇರಿ ಡ್ಯಾನಿಷ್‌ಗೆ ತಂದಿದ್ದ.

ಮಕ್ಕಳು ಹೊರಗೆ ಹೋಗಿ ಏನು ಹೇಳುತ್ತಾರೆ ಎಂಬ ಅಳುಕಿಗೆ ಒಂದು ಉಪಾಯ. ಯೋಹಾನ್ಸೆನ್ ಬಗ್ಗೆ 'ಒಪ್ಪಿದ', 'ಒಪ್ಪಲಿಲ್ಲ' ಎಂಬ ಕ್ರಿಯಾಪದಗಳನ್ನೇ ಬಳಸಬೇಡಿ. 'ಪ್ರಭೇದಗಳು ಕವಲೊಡೆದು ಬಂದವು ಎಂಬುದನ್ನು ಅವನು ಪ್ರಶ್ನಿಸಲಿಲ್ಲ. ಆಯ್ಕೆಯೊಂದೇ ಹೊಸತನ್ನು ಹುಟ್ಟಿಸಬಲ್ಲದೇ ಎಂದು ಕೇಳಿದ. ಅದಕ್ಕೆ ಉತ್ತರ ಅವನು ಹೆಸರಿಟ್ಟ ಜೀನ್‌ನಲ್ಲೇ ಸಿಕ್ಕಿತು' ಎಂದು ಫಲಕದ ಮೇಲೆ ಬರೆದು, ಮಾತು ಮುಗಿಯುವವರೆಗೂ ಅಳಿಸದೆ ಬಿಡಿ.